ಸಜ್ಜೆಯ ಕೆಳಗಿನ ಭೂಪಟ

ಹಿರೀಸಾವೆ ಹತ್ತಿರದ ನಮ್ಮ ಹೈಸ್ಕೂಲಿನ ಎಂಟನೇ ತರಗತಿ ಗೋಡೆಯ ಮೇಲಿರುವ ಭಾರತಕ್ಕೆ ಹಣೆಯೇ ಇಲ್ಲ. ಕನ್ಯಾಕುಮಾರಿಯಿಂದ ದೆಹಲಿಯವರೆಗೆ ದೇಶ ಲಕ್ಷಣವಾಗಿಯೇ ಇದೆ. ಅಲ್ಲಿಂದಾಚೆಗೆ ಯಾರೋ ತಲೆಯ ಮೇಲೆ ಮಣೆ ಹಾಕಿಕೊಂಡು ಕೂತ ಹಾಗೆ ಚಪ್ಪಟೆ. ಹಿಮಾಲಯ ಬೆರಳು ದಪ್ಪದ ಒಂದು ಪಟ್ಟಿ. ಲಡಾಖ್ ಆ ಪಟ್ಟಿಯೊಳಗೂ ಇಲ್ಲ. ಪಟ್ಟಿಗೆ ಹತ್ತಿಕೊಂಡ ಹಾಗೆ ಗೋಡೆಯುದ್ದಕ್ಕೂ ಕಾಂಕ್ರೀಟಿನ ಸಜ್ಜೆ, ಸಜ್ಜೆಯ ಮೇಲೆ ಮುರಿದ ಕೇರಂ ಬೋರ್ಡು ಮತ್ತು ಹಳೆಯ ಉತ್ತರ ಪತ್ರಿಕೆಗಳ ಗಂಟು.

ಇದನ್ನು ಬರೆದವನು ಪಾಲಾಕ್ಷ. ಬಂಗಾಳ ಕೊಲ್ಲಿಯ ನೀಲಿಯೊಳಗೆ 'ಪಾಲಾಕ್ಷ ಆರ್ಟ್ಸ್, ಹಿರೀಸಾವೆ' ಅಂತ ಸಹಿಯೂ ಇದೆ. ಸೈಕಲ್ಲಿಗೆ ಏಣಿ ಕಟ್ಟಿಕೊಂಡು ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು, ಹಾಸನದಾಚೆ ಸಾಲಗಾಮೆ ಅಂತ ಶಾಲೆಯಿಂದ ಶಾಲೆಗೆ ಸುತ್ತಿ ಭೂಪಟ ಬರೆದವನು ಅವನು. ನಮ್ಮ ಸರ್ಕಾರಿ ಶಾಲೆಗಳ ಕೋಣೆಗಳೆಲ್ಲ ಒಂದೇ ಪ್ಲಾನಿನವು, ಸಜ್ಜೆಗಳೆಲ್ಲ ಒಂದೇ ಎತ್ತರದವು. ಹಾಗಾಗಿ ನಾಲ್ಕು ತಾಲ್ಲೂಕಿನ ಮಕ್ಕಳೂ ಇದೇ ಚಪ್ಪಟೆ ತಲೆಯ ಭಾರತವನ್ನು ನೋಡಿಕೊಂಡೇ ಬೆಳೆದರು.

ಅವನು ಬರೆಯುವ ಕ್ರಮವೇ ಹಾಗಿತ್ತು. ಬೇರೆ ಪೇಂಟರುಗಳು ಅಟ್ಲಾಸಿನ ಮೇಲೆ ಚೌಕ ಹಾಕಿ, ಗೋಡೆಯ ಮೇಲೂ ಚೌಕ ಹಾಕಿ ಅಳತೆ ಹಿಡಿಯುತ್ತಾರೆ. ಪಾಲಾಕ್ಷ ಮೊದಲು ಒಬ್ಬ ಹುಡುಗಿಯನ್ನು ಗೋಡೆಯ ಪಕ್ಕ ನಿಲ್ಲಿಸಿ, ಅವಳ ಕೈಗೆ ಆರಾಮಾಗಿ ಎಟುಕುವ ಕಡೆ ಕೆಂಪು ಬಣ್ಣದ ಒಂದು ಚುಕ್ಕೆ ಇಡುತ್ತಿದ್ದ. ಅದು ಹಾಸನ. ಆ ಚುಕ್ಕೆಯ ಸುತ್ತ ಕರ್ನಾಟಕ, ಕರ್ನಾಟಕದ ಸುತ್ತ ದೇಶ. ಎಲ್ಲ ಕಣ್ಣಂದಾಜು. ಹಾಸನ ದೊಡ್ಡದಾಗಿ ಕಾಣಬೇಕು, ಮಕ್ಕಳು ಮುಟ್ಟಬೇಕು ಅನ್ನುವುದು ಅವನ ಹಟ, ಎಲ್ಲ ಹೆಡ್‌ಮಾಸ್ಟರುಗಳ ಹಟವೂ ಅದೇ. ಹೀಗೆ ಊರಿನಿಂದ ಶುರುವಾದ ದೇಶ ಮೇಲಕ್ಕೆ ಹೋಗುವಷ್ಟರಲ್ಲಿ ಸಜ್ಜೆಗೆ ಬಡಿಯುತ್ತಿತ್ತು. ನಮ್ಮ ಕಡೆಯ ಒಬ್ಬರಿಗೂ ಇದು ತಪ್ಪು ಅನ್ನಿಸಲಿಲ್ಲ ನೋಡಿ, ಅದು ನನಗೆ ಇವತ್ತಿಗೂ ಸಿಟ್ಟು ತರಿಸುವ ವಿಷಯ.

ನಾನು ಇಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವಳು. ಹೆಸರು ಗಂಗಾಂಬಿಕೆ. ಮಕ್ಕಳು ಇಟ್ಟ ಹೆಸರು ಬೇರೆ ಇದೆ, ಅದು ಇಲ್ಲಿ ಬೇಡ. ಈ ಗೋಡೆ ಬರೆದು ಮುಗಿದ ದಿನ ನಾನು ಸೊಂಟದ ಮೇಲೆ ಕೈ ಇಟ್ಟುಕೊಂಡು ಕೇಳಿದ್ದೆ.

"ಏನಯ್ಯಾ ಪಾಲಾಕ್ಷ, ದೇಶಕ್ಕೆ ತಲೆಯೇ ಇಲ್ಲವಲ್ಲ?"

"ಸಜ್ಜೆ ಅಡ್ಡ ಬಂದ್ಬುಡ್ತು ಮೇಡಂ. ಅಲ್ಲೇನೈತೆ, ಬರೀ ಐಸು. ನಮ್ ಮಕ್ಳು ಅಲ್ಲಿಗ್ಯಾಕೆ ಓಯ್ತವೆ ಬುಡಿ" ಅಂದು ಬ್ರಷ್ ತೊಳೆಯಲು ನಲ್ಲಿಯ ಕಡೆ ನಡೆದ. ಅವನ ಜೊತೆ ಜಗಳ ಆಡಿ ಗೆದ್ದವರಿಲ್ಲ.

ಅದೇ ಗೋಡೆಯ ಇನ್ನೊಂದು ತುದಿಯಲ್ಲಿ ಪ್ರಪಂಚದ ಭೂಪಟವನ್ನೂ ಬರೆದ. ಚೀನಾಕ್ಕೆ ಹಳದಿ ಬಳಿದ. ಶಾಲೆಯ ಗೇಟಿಗೆ ತಂದ ಹಳದಿ ಮಿಕ್ಕಿತ್ತು, ಅಷ್ಟೇ ಕಾರಣ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಆ ಹಳದಿ ದೇಶ ಪಾಠದಲ್ಲಿ ಒಂದು ಪ್ಯಾರಾ: ಜನಸಂಖ್ಯೆ, ಮಹಾಗೋಡೆ, ಅರವತ್ತೆರಡರ ಯುದ್ಧ. ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ. ಆಮೇಲೆ ಅದು ಪುಸ್ತಕದಿಂದ ಎದ್ದು ಹಿರೀಸಾವೆಗೇ ಬಂತು. ಮೊದಲು ಬಂದದ್ದು ಟಾರ್ಚು, ಹಬ್ಬಕ್ಕೆ ಕಟ್ಟುವ ಸೀರಿಯಲ್ ಸೆಟ್ಟು. ಆಮೇಲೆ ಆಟದ ಸಾಮಾನು, ಆಮೇಲೆ ಎಲ್ಲರ ಕೈಯಲ್ಲೂ ಫೋನು. ಇಲ್ಲಿಂದಲೂ ಸರಕು ಹೋಯಿತು ಅನ್ನಿ. ನಾವು ಹಂಡೆ ಒಲೆಗೆ ತುರುಕುತ್ತಿದ್ದ ತೆಂಗಿನ ಸಿಪ್ಪೆಯನ್ನು ಹೆದ್ದಾರಿ ಪಕ್ಕದ ಮಿಲ್ಲಿನಲ್ಲಿ ನಾರು ಮಾಡಿ, ಒಣಗಿಸಿ, ಬೇಲು ಕಟ್ಟಿ ಚೀನಾಕ್ಕೆ ಹಡಗು ಹತ್ತಿಸುತ್ತಿದ್ದರು. ಅವರ ಹಾಸಿಗೆಗೆ ನಮ್ಮ ನಾರು, ನಮ್ಮ ಕಿವಿಗೆ ಅವರ ಫೋನು. ಪಾಲಾಕ್ಷನ ತಾಯಿ ದೊಡ್ಡತಾಯಮ್ಮ ಆ ಮಿಲ್ಲಿನ ಅಂಗಳದಲ್ಲಿ ನಾರು ಹರಡಿ ಒಣಗಿಸಿಯೇ ಬೆನ್ನು ಬಗ್ಗಿಸಿಕೊಂಡಳು. ಯಾರ ಹಾಸಿಗೆಗೆ ಅಂತ ಕೇಳಿದರೆ, "ಯಾರೋ ದೂರ್ದೋರಂತೆ ಕಣವ್ವ, ಪಾಪ, ಅವ್ರ್‌ಗೂ ನಿದ್ದೆ ಬರ್ಬೇಕಲ್ಲ" ಅನ್ನುತ್ತಿದ್ದಳು.

ಇತ್ತ ನಾನು ಬೋರ್ಡಿನ ಮುಂದೆ ನಿಂತು ಹೇಳುವ ಪಾಠವೂ ವರ್ಷದಿಂದ ವರ್ಷಕ್ಕೆ ಬದಲಾಯಿತು. ಅಮೆರಿಕ ಒಂದು ಕಡೆ, ರಷ್ಯಾ ಒಂದು ಕಡೆ ಅಂತ ಕಲಿತು ಬಂದವಳು ನಾನು. ನನ್ನ ಕಣ್ಣೆದುರೇ ಆ ತಕ್ಕಡಿಯ ಒಂದು ತಟ್ಟೆ ಮುರಿದು ಬಿತ್ತು, ಆ ಜಾಗಕ್ಕೆ ಚೀನಾದವನು ಬಂದು ಕೂತ. ಶ್ರೀಲಂಕಾದಲ್ಲಿ ಅವನದೇ ಬಂದರು, ಪಾಕಿಸ್ತಾನದಲ್ಲಿ ಅವನದೇ ರಸ್ತೆ, ಆಫ್ರಿಕಾದಲ್ಲಿ ಅವನದೇ ರೈಲು. ಜಗತ್ತಿನಲ್ಲಿ ಯಾರು ಯಾರಿಗೆ ಹೆದರಬೇಕು ಅನ್ನುವುದೇ ಬದಲಾಯಿತು. ಮಕ್ಕಳಿಗೆ ಹೇಳುತ್ತಿದ್ದೆ, ದೊಡ್ಡವರು ಹೊರಳಿ ಮಲಗಿದರೆ ಪಕ್ಕದವರ ಚಾಪೆ ಹೋಗುತ್ತೆ ಕಣ್ರೋ ಅಂತ. ಅವರು ಆಕಳಿಸುತ್ತಿದ್ದರು. ಪಾಲಾಕ್ಷನ ಚಾಪೆ ಮಾತ್ರ ಆಗಲೇ ಹೋಗಿತ್ತು. ಚನ್ನರಾಯಪಟ್ಟಣಕ್ಕೆ ಫ್ಲೆಕ್ಸ್ ಮಿಷನ್ ಬಂದಿತ್ತು, ಅದೂ ಚೀನಾದ್ದೇ. ಅಂಗಡಿ ಬೋರ್ಡು, ಮದುವೆ ಬೋರ್ಡು, ಸತ್ತವರ ಬೋರ್ಡು ಎಲ್ಲ ಅದರ ಪಾಲು. ಪಾಲಾಕ್ಷನಿಗೆ ಉಳಿದದ್ದು ನೀರಿನ ಟ್ಯಾಂಕಿನ ಮೇಲೆ ಸರ್ಕಾರದ ಘೋಷಣೆ, ಡೈರಿ ಗೋಡೆಯ ಮೇಲೆ ಹಸುವಿನ ಚಿತ್ರ.

ಇಷ್ಟರ ನಡುವೆ ಅವನಿಗೆ ಇದ್ದ ಒಂದು ಹೆಮ್ಮೆ ತಮ್ಮ ಮನು. ಅಣ್ಣ ತಮ್ಮಂದಿರಿಗೆ ಇಪ್ಪತ್ತು ವರ್ಷದ ಅಂತರ. ಮನು ನಡೆಯಲು ಕಲಿಯುವ ಮೊದಲೇ ಅಪ್ಪ ತೀರಿಕೊಂಡಿದ್ದ, ಹಾಗಾಗಿ ಪಾಲಾಕ್ಷ ಮದುವೆ ಅನ್ನುವ ಮಾತೇ ಎತ್ತದೆ ತಮ್ಮನನ್ನು ಸಾಕಿದ. ಮನು ನನ್ನ ಕೈಯಲ್ಲಿ ಪಾಠ ಹೇಳಿಸಿಕೊಂಡವನು. ಇದೇ ಗೋಡೆಗೆ ಒರಗಿ ಕೂತು, ತಲೆಯ ಎಣ್ಣೆಯ ಕಲೆಯನ್ನು ಅರಬ್ಬಿ ಸಮುದ್ರದ ಮೇಲೆ ಬಿಟ್ಟು ಹೋದವನು. ಹಾಸನದಲ್ಲಿ ಸೇನೆಯ ನೇಮಕಾತಿ ರ್‍ಯಾಲಿ ನಡೆದಾಗ ಓಡಿ ಗೆದ್ದ, ಲಾರಿ ಓಡಿಸುವ ವಿಭಾಗ ಸೇರಿದ, ಮದುವೆಯೂ ಆದ. ರಜೆಗೆ ಬಂದಾಗಲೆಲ್ಲ ಅಣ್ಣನಿಗೊಂದು ಬ್ರಷ್ ತರುತ್ತಿದ್ದ. ಅಣ್ಣನ ಕೆಲಸ ನಿಂತು ಎಷ್ಟೋ ವರ್ಷವಾದರೂ ತರುವುದನ್ನು ಬಿಡಲಿಲ್ಲ.

ಎರಡು ಸಾವಿರದ ಇಪ್ಪತ್ತರ ಜೂನ್. ಚೀನಾದ ಗಡಿಯಲ್ಲಿ ನಮ್ಮ ಸೈನಿಕರು ಸತ್ತ ಸುದ್ದಿ ಟಿವಿಯಲ್ಲಿ ಬಂತು. ಹಿರೀಸಾವೆ ಬಸ್ ಸ್ಟ್ಯಾಂಡಿನಲ್ಲಿ ಒಂದಷ್ಟು ಹುಡುಗರು ಆಟದ ಸಾಮಾನು ರಾಶಿ ಹಾಕಿ ಬೆಂಕಿ ಹಚ್ಚಿದರು, ಅದನ್ನು ಫೋನಿನಲ್ಲಿ ವಿಡಿಯೋ ಮಾಡಿದರು. ಯಾವ ದೇಶದ ಫೋನು ಅಂತ ಕೇಳುವ ಧೈರ್ಯ ನನಗಿತ್ತು, ಕೇಳಿದೆ. ಅವರು ನನ್ನ ಮುಖ ನೋಡಲಿಲ್ಲ. ಮನು ಆಗಲೇ ಲಡಾಖಿನಲ್ಲಿದ್ದ. ಎರಡು ದೇಶದ ಸೈನ್ಯವೂ ಇಳಿಯಲಿಲ್ಲ, ಆ ಚಳಿಗಾಲ ಪೂರ್ತಿ ಮೇಲೆಯೇ ನಿಂತಿತು. ಮನು ಗಡಿಯಂಚಿನ ಮುಂದಿನ ಪೋಸ್ಟುಗಳಿಗೆ ಸೀಮೆಎಣ್ಣೆ ಸಾಗಿಸುತ್ತಿದ್ದ. ವಾರಕ್ಕೊಮ್ಮೆ ಫೋನು ಬಂದರೆ ಬಂತು. ಎಲ್ಲಿದ್ದೀ ಅಂದರೆ, ಎಲ್ಲಿ ಅಂತ ಹೇಳುವಂತಿಲ್ಲ ಅನ್ನುತ್ತಿದ್ದ.

ದೊಡ್ಡತಾಯಮ್ಮನಿಗೆ ಅದೇ ಕೊರಗು ಹಿಡಿಯಿತು. ಮಗ ಬದುಕಿದ್ದಾನೆ, ಉಣ್ಣುತ್ತಾನೆ, ಸರಿ. ಎಲ್ಲಿದ್ದಾನೆ? ಮಲಗುವಾಗ ಯಾವ ದಿಕ್ಕಿಗೆ ಕೈ ಮುಗಿಯಬೇಕು ಅಂತ ಅವಳ ಪ್ರಶ್ನೆ. ಪಾಲಾಕ್ಷನಿಗೆ ಉತ್ತರ ಕೊಟ್ಟು ಸಾಕಾಯಿತು. ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ತಾಯಿಯನ್ನು ಮೊಪೆಡ್ ಮೇಲೆ ಕೂರಿಸಿಕೊಂಡು ಶಾಲೆಗೆ ಬಂದ. ಕೊರೋನಾದಿಂದ ಮಕ್ಕಳಿರಲಿಲ್ಲ, ನಾವು ಮೇಷ್ಟ್ರುಗಳು ಮಾತ್ರ ಬಂದು ಕೂರುತ್ತಿದ್ದೆವು. ಕೋಣೆ ತೆಗೆಸಿಕೊಟ್ಟೆ.

"ನಿನ್ ಮಗ್ನೇ ಬರ್ದಿರೋ ಮ್ಯಾಪು ಕಣವ್ವ. ಇದ್ರಲ್ಲೇ ತೋರುಸ್ತೀನಿ ನೋಡು" ಅಂತ ಪಾಲಾಕ್ಷ ಹುರುಪಿನಲ್ಲೇ ಹೇಳಿದ. ತಾಯಿಯ ಬೆರಳು ಹಿಡಿದು ಕೆಂಪು ಚುಕ್ಕೆಯ ಮೇಲಿಟ್ಟ. "ಇದು ಆಸನ. ಇಲ್ಲಿ ನಾವು. ಇಂಗೇ ಓದ್ರೆ ಬೆಂಗ್ಳೂರು, ಇಂಗೇ ಮೇಲಕ್ಕೋದ್ರೆ ಡೆಲ್ಲಿ. ಡೆಲ್ಲಿಯಿಂದ ಇನ್ನೂ ಮೇಲಕ್ಕೆ..."

ಅವನ ಕೈ ಮೇಲೆ ಹೋಯಿತು, ಸಜ್ಜೆಗೆ ತಾಗಿತು, ನಿಂತಿತು.

"ಎಲ್ಲವ್ನೆ?" ಅಂದಳು ತಾಯಿ.

"ಮೇಲೆ ಕಣವ್ವ."

"ಮೇಲೆ ಸಜ್ಜೆ ಅಲ್ವೇನ್ಲಾ ಇರೋದು."

ಜಗಳದಲ್ಲಿ ಎಂದೂ ಹಿಂದೆ ಬೀಳದ ಪಾಲಾಕ್ಷ, ತಾನು ಬರೆದ ಗೋಡೆಯ ಮುಂದೆ ಬಾಯಿ ಕಟ್ಟಿ ನಿಂತದ್ದನ್ನು ಆವತ್ತು ನೋಡಿದೆ. ನಾನು ಓಡಿಹೋಗಿ ಅಟ್ಲಾಸ್ ತಂದು ತೆರೆದು ತೋರಿಸಿದೆ. ದೊಡ್ಡತಾಯಮ್ಮ ಪುಟವನ್ನು ಹತ್ತಿರ ಹಿಡಿದು, ದೂರ ಹಿಡಿದು, ಮಡಿಚಿ ನನ್ನ ಕೈಗೇ ಕೊಟ್ಟಳು. "ಇದು ಬ್ಯಾಡ ಟೀಚರಮ್ಮ. ನಮ್ ಪಾಲಾಕ್ಸ ಬರ್ದಿರೋದ್ರಲ್ಲಿ ಇದ್ರೆ ಸರಿ, ನನ್ಗೆ ನಂಬ್ಕೆ ಬತ್ತದೆ" ಅಂದಳು.

ಹೊರಗೆ ಬಂದು ಮೊಪೆಡ್ ಹತ್ತುವ ಮೊದಲು ಪಾಲಾಕ್ಷ ನನ್ನ ಹತ್ತಿರ ಬಂದ. "ಎಲ್ಲಾ ಕೆರ್ದಾಕಿ ಒಸ್ದಾಗಿ ಬರೀತೀನಿ ಮೇಡಂ. ಈ ಸಲ ಮೇಲಿಂದ ಸುರು ಮಾಡ್ತೀನಿ. ಯುಗಾದಿಗೆ ಮನು ರಜಾ ಮೇಲೆ ಬತ್ತಾನೆ. ಅವನ್ನೇ ನಿಲ್ಲುಸ್ಕೊಂಡು, ಎಲ್ಲಿದ್ದೆ ತೋರುಸ್ಲಾ ಅಂತ ಕೇಳ್ಕೊಂಡು, ಅಲ್ಲೇ ಚುಕ್ಕೆ ಇಕ್ಕುಬುಡ್ತೀನಿ." ಹೆಡ್‌ಮಾಸ್ಟರು ಒಪ್ಪಿದರು. ಅವನು ಪೇಟೆಗೆ ಹೋಗಿ ಬಣ್ಣ ತಂದಿಟ್ಟ. ಮನು ತಂದುಕೊಟ್ಟ ಬ್ರಷ್‌ಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ನೆನೆಹಾಕಿದ.

ಜನವರಿಯ ಮೊದಲಲ್ಲಿ ಮನು ಸತ್ತ. ಗುಂಡು ತಾಗಲಿಲ್ಲ, ಯಾರೂ ಹೊಡೆಯಲಿಲ್ಲ. ಆ ಎತ್ತರದಲ್ಲಿ ಎದೆಯೊಳಗೆ ನೀರು ತುಂಬಿಕೊಂಡು, ಲಾರಿಯಲ್ಲೇ ಉಸಿರು ಕಟ್ಟಿತಂತೆ. ಕೆಳಗೆ ಇಳಿಸಿಕೊಂಡು ಬರುವಷ್ಟರಲ್ಲಿ ಮುಗಿದಿತ್ತು. ಪೆಟ್ಟಿಗೆ ಬೆಂಗಳೂರಿಗೆ ವಿಮಾನದಲ್ಲಿ ಬಂತು, ಅಲ್ಲಿಂದ ಹೆದ್ದಾರಿಯಲ್ಲಿ ಹಿರೀಸಾವೆಗೆ. ರಸ್ತೆಯ ಎರಡೂ ಕಡೆ ಜನ, ಜೈಕಾರ. ಕ್ರಾಸಿನಲ್ಲಿ ಆಳೆತ್ತರದ ಫ್ಲೆಕ್ಸು: ಮನುವಿನ ಮದುವೆಯ ಫೋಟೋದಿಂದ ಕತ್ತರಿಸಿದ ಮುಖ, ಹಿಂದೆ ಅವನು ಜನ್ಮದಲ್ಲಿ ಹತ್ತದ ಯುದ್ಧ ಟ್ಯಾಂಕು. ಗುಂಪಿನಲ್ಲಿ ಒಬ್ಬ ಕೇಳಿದ, "ಗುಂಡು ಎಲ್ಲಿಗೆ ಬಿದ್ದಿತ್ತಂತೆ?" ಇಲ್ಲ, ಉಸಿರು ಕಟ್ಟಿ ಸತ್ತದ್ದು ಅಂತ ಇನ್ನೊಬ್ಬ ಹೇಳಿದ. "ಓ, ಅಂಗಾ" ಅಂದ ಮೊದಲಿನವನು. ಆ 'ಅಂಗಾ' ಅನ್ನುವುದರಲ್ಲಿ ಇದ್ದ ನಿರಾಸೆಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತ್ತು. ನನ್ನ ಕೈ ಮೇಲೇಳಲಿಲ್ಲ.

ನಮ್ಮವರಲ್ಲಿ ಸತ್ತವರನ್ನು ಕೂರಿಸಿ ಸಮಾಧಿ ಮಾಡುತ್ತಾರೆ. ಕೈಯಲ್ಲಿ ಲಿಂಗ, ಮೈಗೆ ವಿಭೂತಿ, ಪದ್ಮಾಸನ. ಮನುವಿನ ದೇಹ ಮಲಗಿದ ಹಾಗೆಯೇ ಸೆಟೆದುಕೊಂಡು ಬಂದಿತ್ತು, ಕಾಲು ಮಡಿಸಲು ಆಗಲಿಲ್ಲ. ಕ್ರಿಯೆ ಮಾಡಿಸಲು ಬಂದ ಅಯ್ನೋರು ಒಂದು ಸಲ ಪ್ರಯತ್ನ ಮಾಡಿ ಕೈ ಬಿಟ್ಟರು. ಗುಂಡಿಯನ್ನು ಮತ್ತೆ ಉದ್ದಕ್ಕೆ ಅಗೆದರು. ಮನುವಿನ ಹೆಂಡತಿ ಸಿಂಧು ಅಷ್ಟು ಹೊತ್ತೂ ಗುದ್ದಲಿಯ ಸದ್ದು ಕೇಳುತ್ತ ನಿಂತಿದ್ದಳು. ಎಲ್ಲರೂ ಅವಳನ್ನು ಅಳಿಸಲು ನೋಡಿದರು, ಅವಳು ಅಳಲಿಲ್ಲ.

ಪಾಲಾಕ್ಷನೂ ಅಳಲಿಲ್ಲ. ಪೆಟ್ಟಿಗೆಯ ಜೊತೆ ಬಂದಿದ್ದ ಸೈನಿಕ ಮಂಡ್ಯದ ಕಡೆಯವನು, ಕನ್ನಡದವನು. ಮಣ್ಣು ಮುಗಿದು ಜನ ಕರಗಿದ ಮೇಲೆ ಪಾಲಾಕ್ಷ ಅವನನ್ನು ಹಿಡಿದುಕೊಂಡ.

"ಎಲ್ಲಿ ಸಾ, ಅವ್ನು ಓಗಿದ್ದು? ಜಾಗ ಒಂದು ಏಳಿ ಸಾಕು."

"ಹೇಳಂಗಿಲ್ಲ ಅಣ್ಣ. ಮುಂದಿನ ಪೋಸ್ಟು, ಅಷ್ಟೇ ತಿಳ್ಕೊ."

"ಊರಿನ್ ಹೆಸ್ರು ಬ್ಯಾಡ. ಗಡಿ ಗೆರೆಯಿಂದ ಈಚ್ಗೋ ಆಚ್ಗೋ, ಎಷ್ಟು ದೂರ, ಅಷ್ಟು ಏಳಿ. ನಾನು ಮ್ಯಾಪ್ ಬರೆಯೋನು."

"ಗೆರೆ ಎಲ್ಲೈತೆ ಅನ್ನೋದೇ ಅಲ್ಲಿ ಜಗಳ ಅಣ್ಣ. ನಾವೊಂದು ಕಡೆ ಅಂತೀವಿ, ಅವ್ರೊಂದು ಕಡೆ ಅಂತಾರೆ. ನೆಲದ್ ಮೇಲೆ ಏನೂ ಇಲ್ಲ."

ಎರಡು ದಿನ ಬಿಟ್ಟು ಪಾಲಾಕ್ಷ ನನ್ನ ಹತ್ತಿರ ಬಂದು ಅದನ್ನೇ ಕೇಳಿದ. "ನೀವು ಓದಿದೋರು ಮೇಡಂ. ಗೆರೆನೇ ಇಲ್ದಿರೋ ಕಡೆ ಎಂಗೆ ಬರೀಲಿ?" ಇಷ್ಟು ವರ್ಷ ಗಡಿ, ಒಪ್ಪಂದ, ಮಹಾಶಕ್ತಿ ಅಂತ ಪಾಠ ಮಾಡಿದವಳು, ಕಾಫಿ ಕುಡಿ ಅಂದೆ. ಅವನು ಕುಡಿಯದೆ ಹೋದ. ತಂದಿಟ್ಟ ಬಣ್ಣ ಡಬ್ಬಿಯಲ್ಲೇ ಗಟ್ಟಿಯಾಯಿತು.

ಅದೇ ತಿಂಗಳ ಗಣರಾಜ್ಯೋತ್ಸವಕ್ಕೆ ಊರಿನ ಯುವಕ ಸಂಘದವರು ಮನುವಿನ ನೆನಪಿಗೆ ಅಂತ ಶಾಲೆಗೆ ಒಂದು ಭಾರತದ ಭೂಪಟ ಕೊಟ್ಟರು. ಚನ್ನರಾಯಪಟ್ಟಣದಲ್ಲಿ ಪ್ರಿಂಟ್ ಹಾಕಿಸಿದ ಫ್ಲೆಕ್ಸು. ಮೂಲೆಯಲ್ಲಿ ಮನುವಿನ ಫೋಟೋ, ಕೆಳಗೆ ದಾನಿಗಳ ಫೋಟೋ, ದಾನಿಗಳದೇ ದೊಡ್ಡದು. ಭೂಪಟ ಮಾತ್ರ ಅಳತೆಗೆ ಸರಿಯಾಗಿತ್ತು, ತಲೆ ಪೂರ್ತಿ ಇತ್ತು. ಎಂಟನೇ ತರಗತಿ ಕೋಣೆಯಲ್ಲಿ, ಪಾಲಾಕ್ಷನ ಗೋಡೆಯ ಎದುರು ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದರು. ಭಾಷಣ ಮುಗಿದು ಲಾಡು ಹಂಚಿ ಎಲ್ಲರೂ ಹೋದ ಮೇಲೆ ದೊಡ್ಡತಾಯಮ್ಮ, ಪಾಲಾಕ್ಷ, ನಾನು ಮೂವರೇ ಉಳಿದೆವು. ಪಾಲಾಕ್ಷನ ಕೈಯಲ್ಲಿ ಕೆಂಪು ಬಣ್ಣದ ಡಬ್ಬಿ ಇತ್ತು. ಬೆಳಿಗ್ಗೆ ಧ್ವಜದ ಕಟ್ಟೆಗೆ ಬಳಿಯಲು ಹೆಡ್‌ಮಾಸ್ಟರು ಕರೆಸಿದ್ದರು, ಬಂದು ಬಳಿದಿದ್ದ.

"ಇದ್ರಲ್ಲಿ ಅವ್ನೇನ್ಲಾ?" ಅಂತ ದೊಡ್ಡತಾಯಮ್ಮ ಫ್ಲೆಕ್ಸಿನ ಮುಂದೆ ನಿಂತಳು.

ಪಾಲಾಕ್ಷ ನನ್ನ ಕೋಲು ಇಸಿದುಕೊಂಡು ಮೇಲಿನ ತುದಿ ತೋರಿಸಿದ. ಅವಳು ಕತ್ತೆತ್ತಿ ಬಹಳ ಹೊತ್ತು ನೋಡಿದಳು. "ಸರಿ. ನಾವೆಲ್ಲಿದೀವಿ?"

ಪಾಲಾಕ್ಷ ಕೆಳಗೆ ಬಗ್ಗಿ ಹುಡುಕಿದ. ನಾನೂ ಕನ್ನಡಕ ಹಾಕಿಕೊಂಡು ಹುಡುಕಿದೆ. ಬೆಂಗಳೂರು ಇತ್ತು. ಮೈಸೂರು ಇತ್ತು. ಹಾಸನ ಇರಲಿಲ್ಲ.

"ನಾವಿಲ್ಲ ಕಣವ್ವ ಇದ್ರಲ್ಲಿ."

"ಅಯ್ಯೋ ಸಿವ್ನೆ" ಅಂದಳು ಮುದುಕಿ. "ಇದ್ರಲ್ಲಿ ಅವ್ನೊಬ್ನೇನಾ. ನಿನ್ ಗೋಡೇಲಿ ಅವ್ನಿಲ್ಲ, ಇದ್ರಲ್ಲಿ ನಾವಿಲ್ಲ. ಯಾವ ಸೀಮೆ ಮ್ಯಾಪ್ಲಾ ಇವು?" ಅಂದು ಬೆಂಚಿನ ಮೇಲೆ ಕುಸಿದು ಕೂತಳು. ಆಗ ಅತ್ತಳು. ಮಣ್ಣು ಮಾಡಿದ ದಿನವೂ ಅವಳು ಹಾಗೆ ಅತ್ತಿರಲಿಲ್ಲ.

ಪಾಲಾಕ್ಷ ಕೋಲನ್ನು ಕೆಳಗಿಟ್ಟ. ತನ್ನ ಗೋಡೆಯ ಹತ್ತಿರ ಹೋದ. ಅಟ್ಲಾಸ್ ಕೇಳಲಿಲ್ಲ, ಏಣಿ ಕೇಳಲಿಲ್ಲ. ಡಬ್ಬಿಯಲ್ಲಿ ಬೆರಳದ್ದಿ, ಹಾಸನದ ಕೆಂಪು ಚುಕ್ಕೆಯ ಪಕ್ಕದಲ್ಲೇ, ಒಂದು ಕಾಳು ಹಿಡಿಯುವಷ್ಟು ಜಾಗ ಬಿಟ್ಟು, ಇನ್ನೊಂದು ಚುಕ್ಕೆ ಇಟ್ಟ.

"ಬಾರವ್ವ. ಇಲ್ಲವ್ನೆ ನೋಡು. ಮುಟ್ಟು."

ದೊಡ್ಡತಾಯಮ್ಮ ಎದ್ದು ಬಂದು ಮುಟ್ಟಿದಳು. ಬಣ್ಣ ಹಸಿಯಾಗಿತ್ತು. ಅವಳ ಬೆರಳು ಸರಿದದ್ದಕ್ಕೆ ಚುಕ್ಕೆ ಸ್ವಲ್ಪ ಹಾಸನದ ಕಡೆಗೆ ಬಾಲ ಬಿಟ್ಟುಕೊಂಡಿತು. ಬೆರಳಿಗೆ ಹತ್ತಿದ ಕೆಂಪನ್ನು ಅವಳು ಒರೆಸಿಕೊಳ್ಳಲಿಲ್ಲ, ಮುಷ್ಟಿ ಕಟ್ಟಿಕೊಂಡು ಮನೆಗೆ ಹೋದಳು.

ಆಮೇಲೆ ಪಾಲಾಕ್ಷ ಎಲ್ಲಿಯೂ ಭೂಪಟ ಬರೆಯಲಿಲ್ಲ. ಈಗ ನಾರಿನ ಮಿಲ್ಲಿನಲ್ಲಿ ಬೇಲು ಕಟ್ಟುತ್ತಾನೆ. ಲಾರಿಗಳು ಅದೇ ಚೀನಾಕ್ಕೆ ಹೋಗುವ ಹಡಗಿಗೆ ಹೊರಡುತ್ತವೆ. ಅದರ ಬಗ್ಗೆ ಕೇಳಿದರೆ ಕೆಲಸ ಇದೆ ಮೇಡಂ ಅನ್ನುತ್ತಾನೆ. ಗಡಿಯಲ್ಲಿ ಸೈನ್ಯ ಹಿಂದೆ ಸರಿದಿದೆ, ಮಾತುಕತೆ ನಡೆದಿದೆ ಅಂತ ಪೇಪರಿನಲ್ಲಿ ಬಂದ ದಿನ ನಾನು ಅವನಿಗೆ ತೋರಿಸಲು ಹೋಗಲಿಲ್ಲ. ದೊಡ್ಡತಾಯಮ್ಮ ಕಳೆದ ವರ್ಷ ತೀರಿಕೊಂಡಳು. ಕಿಟಕಿಯ ಬಿಸಿಲಿಗೆ ಫ್ಲೆಕ್ಸ್ ಬೆಳ್ಳಗಾಗುತ್ತ ಬಂದಿದೆ, ಮೇಲಿನ ಅರ್ಧದಲ್ಲಿ ಈಗ ಏನೂ ಕಾಣುವುದಿಲ್ಲ.

ಪಾಲಾಕ್ಷನ ಗೋಡೆ ಹಾಗೆಯೇ ಇದೆ. ಜೂನ್ ತಿಂಗಳಲ್ಲಿ ಹೊಸ ಮಕ್ಕಳು ಬಂದು ಕೂತಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ, "ಮಿಸ್, ಹಾಸನದ ಪಕ್ಕ ಇನ್ನೊಂದು ಊರೈತಲ್ಲ, ಅದ್ಯಾವ್ದು?" ಸಮಾಜ ವಿಜ್ಞಾನದ ಮೇಡಂ ಆಗಿ ನಾನು ಅದು ತಪ್ಪು ಅಂತ ಹೇಳಬೇಕು. ಅದು ಊರಲ್ಲ, ಕೂತ್ಕೋ ಅನ್ನುತ್ತೇನೆ. ಆಮೇಲೆ ಬೋರ್ಡಿನ ಕಡೆ ತಿರುಗಿ, ಸೀಮೆಸುಣ್ಣ ಸಿಗದವಳ ಹಾಗೆ, ಸ್ವಲ್ಪ ಹೊತ್ತು ಹುಡುಕುತ್ತಾ ನಿಲ್ಲುತ್ತೇನೆ.